ಒಂದೇ ಹೆಸರು, ಎರಡು ಕೆನೆ



'ಕೆನೆ' ಎಂಬ ಮಾತನ್ನು ನೀವು ಎರಡು ಕಡೆ ಕೇಳಿರುತ್ತೀರಿ. ಮೊದಲನೆಯದು ಮನೆಯ ಅಡುಗೆಮನೆಯಲ್ಲಿ. ಎರಡನೆಯದು ಪತ್ರಿಕೆಗಳಲ್ಲಿ. 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಂಡಲ್ ಪ್ರಕರಣದ ತೀರ್ಪು ಕೊಟ್ಟ ಮೇಲೆ 'ಕೆನೆಪದರ' ಎಂಬ ಪದ ನಮ್ಮ ರಾಜಕೀಯದ ಮಾತಿಗೂ ಸೇರಿತು. ಸಮಾಜದಲ್ಲಿ ಮೇಲೆ ತೇಲಿ ನಿಂತವರು ಎಂಬುದು ಅಲ್ಲಿಯ ಅರ್ಥ. ಈ ಹೋಲಿಕೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಹಾಲಿನ ಕೆನೆ ನಿಜವಾಗಿ ಮೇಲೆ ತೇಲುವುದು ಹೇಗೆ, ಅದನ್ನು ನಮ್ಮ ಹಿರಿಯರು ಯಾವಾಗ, ಯಾಕೆ ತೆಗೆಯುತ್ತಿದ್ದರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಈ ವಿಷಯವನ್ನು ತೆರೆಯ ಮೇಲೆ ತೋರಿಸುವುದು ಸುಲಭವಲ್ಲ. ಹಾಲಿನಲ್ಲಿ ಕೆನೆ ಏಳಲು ಒಂದು ರಾತ್ರಿ ಬೇಕು. ಕ್ಯಾಮೆರಾಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ಅದಕ್ಕೇ ಅದನ್ನು ಈ ಪುಟಗಳಿಗೆ ಇಟ್ಟುಕೊಂಡಿದ್ದೇವೆ. ನಾವು ನಿಂತು ನೋಡುವ ಊರು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಂಚ. ಈ ಊರೇ ಏಕೆ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಹಸಿ ಹಾಲಿನೊಳಗೆ ನಡೆಯುವ ಕೆಲಸ

ಮೊದಲು ಸ್ವಲ್ಪ ವಿಜ್ಞಾನ. ಆಗತಾನೇ ಕರೆದ ಹಸುವಿನ ಹಾಲಿನಲ್ಲಿ ಜಿಡ್ಡು ಸಣ್ಣ ಸಣ್ಣ ಗುಂಡುಗಳಾಗಿ ಹರಡಿಕೊಂಡಿರುತ್ತದೆ. ಒಂದು ಗುಂಡಿನ ಅಡ್ಡಳತೆ ಸರಾಸರಿ 3ರಿಂದ 4 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಇರುತ್ತವೆ ಎಂದು ನೆನಪಿಟ್ಟುಕೊಂಡರೆ ಅದು ಎಷ್ಟು ಚಿಕ್ಕದು ಎಂದು ಗೊತ್ತಾಗುತ್ತದೆ. ಜಿಡ್ಡು ಸುತ್ತಲಿನ ನೀರಿನಂಶಕ್ಕಿಂತ ಹಗುರ, ಆದ್ದರಿಂದ ಅದು ಮೇಲಕ್ಕೆ ಏಳುತ್ತದೆ.

ಆದರೆ ಎಷ್ಟು ಬೇಗ? ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಸ್ಟೋಕ್ಸ್ ನಿಯಮವನ್ನು ಇಲ್ಲಿ ಹಾಕಿ ನೋಡಿ. 4 ಮೈಕ್ರಾನಿನ ಒಂಟಿ ಗುಂಡು ಗಂಟೆಗೆ ಸುಮಾರು 2 ಮಿಲಿಮೀಟರ್ ಮಾತ್ರ ಮೇಲೇರುತ್ತದೆ. 20 ಸೆಂಟಿಮೀಟರ್ ಆಳದ ಪಾತ್ರೆಯ ತಳದಿಂದ ಮೇಲಕ್ಕೆ ಬರಲು ಅದಕ್ಕೆ ನಾಲ್ಕು ದಿನ ಬೇಕು. ಆದರೆ ತಣ್ಣಗಿಟ್ಟ ಹಸುವಿನ ಹಸಿ ಹಾಲಿನಲ್ಲಿ ಕೆಲವೇ ಗಂಟೆಗಳಲ್ಲಿ ಕೆನೆಯ ಗೆರೆ ಸ್ಪಷ್ಟವಾಗಿ ಕಾಣಿಸುತ್ತದೆ. ಲೆಕ್ಕ ತಪ್ಪಿತೇ? ಇಲ್ಲ. ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು.

ಹಸುವಿನ ಹಾಲಿನಲ್ಲಿ ಇಮ್ಯುನೊಗ್ಲಾಬ್ಯುಲಿನ್ ಎಂಬ ಜಾತಿಯ ಒಂದು ಪ್ರೋಟೀನು ಇದೆ. ಹಾಲು ತಣ್ಣಗಾದಾಗ ಅದು ಅಂಟಿನಂತೆ ಕೆಲಸ ಮಾಡಿ ಜಿಡ್ಡಿನ ಗುಂಡುಗಳನ್ನು ಗೊಂಚಲು ಗೊಂಚಲಾಗಿ ಸೇರಿಸುತ್ತದೆ. ಏರುವ ವೇಗ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಗೊಂಚಲು ಹತ್ತು ಪಟ್ಟು ದೊಡ್ಡದಾದರೆ ವೇಗ ನೂರು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಕೆನೆ ರಾತ್ರೋರಾತ್ರಿ ಏಳುವುದರ ಗುಟ್ಟು ಇದು.

ಈ ಅಂಟಿನ ಬಗ್ಗೆ ಮೂರು ಮಾತುಗಳನ್ನು ಗಮನದಲ್ಲಿಡಿ, ಮುಂದಿನ ಚರಿತ್ರೆ ಇವುಗಳ ಮೇಲೆಯೇ ನಿಂತಿದೆ. ಒಂದು, ಇದು ತಂಪಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಚ್ಚಲಿನ ಬಿಸಿ ಇರುವ ಹಾಲಿನಲ್ಲಿ ಮಾಡುವುದಿಲ್ಲ. ಎರಡು, ಹಾಲನ್ನು ಕುದಿಸಿದರೆ ಇದು ಕೆಟ್ಟುಹೋಗುತ್ತದೆ. ಮೂರು, ಎಮ್ಮೆಯ ಹಾಲಿನಲ್ಲಿ ಜಿಡ್ಡು ಹೆಚ್ಚಿದ್ದರೂ ಈ ಗೊಂಚಲು ಕಟ್ಟುವ ಗುಣ ಇಲ್ಲ. ಹಾಗಾಗಿ ಎಮ್ಮೆಯ ಹಸಿ ಹಾಲಿನಲ್ಲಿ ಕೆನೆ ಏಳುವುದು ನಿಧಾನ.

ಈಗ ಒಂದು ಪ್ರಶ್ನೆ. ಕುದಿಸಿದರೆ ಈ ಅಂಟು ಕೆಟ್ಟುಹೋಗುವುದಾದರೆ, ನಮ್ಮ ಮನೆಯಲ್ಲಿ ಕಾಯಿಸಿದ ಹಾಲಿನ ಮೇಲೆ ಕಟ್ಟುವ ದಪ್ಪ ಪದರ ಯಾವುದು? ಅದು ಬೇರೆಯದೇ ವಸ್ತು. ಹಾಲು ಕಾದಾಗ ಮೇಲ್ಮೈಯಿಂದ ನೀರು ಆವಿಯಾಗುತ್ತದೆ. ಅಲ್ಲಿ ಪ್ರೋಟೀನುಗಳು ಒತ್ತೊತ್ತಾಗಿ ಸೇರಿ ಒಂದು ಹಾಳೆ ಕಟ್ಟುತ್ತವೆ. ಮೇಲೇರಿ ಬಂದ ಜಿಡ್ಡು ಆ ಹಾಳೆಗೆ ಸಿಕ್ಕಿಕೊಳ್ಳುತ್ತದೆ. ಹಸಿ ಹಾಲಿನ ಕೆನೆ ಎಂದರೆ ಜಿಡ್ಡು ಹೆಚ್ಚಾದ ಹಾಲು. ಅದು ಸುರಿದರೆ ಹರಿಯುತ್ತದೆ. ಕಾಯಿಸಿದ ಹಾಲಿನ ಕೆನೆ ಜಿಡ್ಡು ಮತ್ತು ಪ್ರೋಟೀನು ಹೆಣೆದುಕೊಂಡ ಹಾಳೆ. ಅದನ್ನು ಚಮಚದಿಂದ ಎತ್ತಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಈ ಎರಡರಲ್ಲಿ ಯಾವುದನ್ನು ಯಾವ ದೇಶದವರು ಹಿಡಿದರು ಎಂಬುದೇ ಕೆನೆಯ ಚರಿತ್ರೆ.

ಚಳಿಯ ನಾಡಿನ ದಾರಿ

ಯುರೋಪಿನ ಚಳಿಯ ನಾಡುಗಳಲ್ಲಿ ಹಸಿ ಹಾಲಿನ ದಾರಿ ಬೆಳೆಯಿತು. ಅಲ್ಲಿ ಹಾಲುಮನೆಯನ್ನು ಮನೆಯ ತಂಪಾದ ಮೂಲೆಯಲ್ಲಿ ಕಟ್ಟುತ್ತಿದ್ದರು. ಅಗಲ ಬಾಯಿಯ, ಆಳವಿಲ್ಲದ ತಟ್ಟೆಗಳಲ್ಲಿ ಹಾಲನ್ನು ಸುರಿದು ಒಂದು ದಿನ, ಕೆಲವೊಮ್ಮೆ ಒಂದೂವರೆ ದಿನ ಬಿಡುತ್ತಿದ್ದರು. ಮೇಲೆ ನಿಂತ ಕೆನೆಯನ್ನು ತೂತುಗಳಿದ್ದ ಚಪ್ಪಟೆ ಸೌಟಿನಿಂದ ತೆಗೆದು, ಕೆಲವು ದಿನಗಳದನ್ನು ಕೂಡಿಸಿ ಬೆಣ್ಣೆ ಕಡೆಯುತ್ತಿದ್ದರು. ಅಗಲ ತಟ್ಟೆ ಏಕೆ ಎಂದು ಈಗ ನೀವೇ ಹೇಳಬಲ್ಲಿರಿ. ಆಳ ಕಡಿಮೆಯಾದಷ್ಟೂ ಜಿಡ್ಡು ಏರಬೇಕಾದ ದೂರ ಕಡಿಮೆ. ಸ್ಟೋಕ್ಸ್ ಹುಟ್ಟುವ ಮೊದಲೇ ಅಲ್ಲಿಯ ಹೆಂಗಸರಿಗೆ ಇದು ಕೈಯಲ್ಲಿ ಗೊತ್ತಿತ್ತು.

ಈ ದಾರಿಗೆ ತಂಪು ಬೇಕು, ಹಾಲು ಹೆಚ್ಚು ಬೇಕು, ಹಸಿ ಹಾಲನ್ನು ಕಾಯಿಸದೆ ಇಡುವುದಕ್ಕೆ ಮನಸ್ಸಿನ ಅಡ್ಡಿ ಇರಬಾರದು. ಹುಂಚದಲ್ಲಿ ಈ ಮೂರೂ ತಿರುಗುಮುರುಗು.

ಹುಂಚದ ಹವೆ, ಹುಂಚದ ಹಸು, ಹುಂಚದ ಧರ್ಮ

ಹುಂಚ ಹಳೆಯ ಊರು. ಶಾಸನಗಳಲ್ಲಿ ಪೊಂಬುರ್ಚ ಎಂಬ ಹೆಸರು ಬರುತ್ತದೆ; ಇಂದು ಹೊಂಬುಜ ಎಂದೂ ಕರೆಯುತ್ತಾರೆ. ಸಾಂತಳಿಗೆ ಸಾಸಿರವನ್ನು ಆಳಿದ ಸಾಂತರಸರ ರಾಜಧಾನಿ ಇದು. ಇಲ್ಲಿಯ ಪಂಚಕೂಟ ಬಸದಿ 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ್ದು. ಪದ್ಮಾವತಿ ಅಮ್ಮನವರ ಗುಡಿ ಮತ್ತು ಜೈನ ಮಠದಿಂದಾಗಿ ಇಂದಿಗೂ ದೂರದ ಊರುಗಳಿಂದ ಯಾತ್ರಿಕರು ಬರುತ್ತಾರೆ. ಹತ್ತಿರದ ಬಿಲ್ಲೇಶ್ವರ ಬೆಟ್ಟದಲ್ಲಿ ಕುಮುದ್ವತಿ ನದಿ ಹುಟ್ಟುತ್ತದೆ. ಸುತ್ತ ಗುಡ್ಡ, ಕಾಡು, ಅಡಿಕೆ ತೋಟ, ಗದ್ದೆ.

ಮೊದಲನೆಯದು ಹವೆ. ಮಲೆನಾಡು ತಂಪು ಎನ್ನುವುದು ಬಯಲುಸೀಮೆಗೆ ಹೋಲಿಸಿ ಹೇಳುವ ಮಾತು. ಹಾಲಿಗೆ ಅದು ತಂಪಲ್ಲ. ವರ್ಷದ ಬಹುಪಾಲು ದಿನ ಇಲ್ಲಿಯ ಹಗಲಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಇರುತ್ತದೆ, ಬೇಸಿಗೆಯಲ್ಲಿ 30 ದಾಟುತ್ತದೆ. ಅಷ್ಟು ಬಿಸಿಯಲ್ಲಿ ಹಸಿ ಹಾಲು ಕೆಲವೇ ಗಂಟೆಗಳಲ್ಲಿ ಹುಳಿ ಹಿಡಿಯುತ್ತದೆ. ಕೆನೆ ಪೂರ್ತಿ ಏಳುವುದಕ್ಕೆ ಮೊದಲೇ ಹಾಲು ಒಡೆದರೆ ತೆಗೆಯುವುದೇನು? ಮಾಗಿಯ ಚಳಿಯ ರಾತ್ರಿಗಳಲ್ಲಿ ಮಾತ್ರ ಹಸಿ ಹಾಲಿನಲ್ಲಿ ಒಂದು ತೆಳು ಕೆನೆ ಕಾಣುವುದುಂಟು.

ಎರಡನೆಯದು ಹಸು. ಇಲ್ಲಿಯ ಹಳೆಯ ತಳಿ ಮಲೆನಾಡು ಗಿಡ್ಡ. ಎತ್ತರ ಮೂರಡಿಯ ಆಸುಪಾಸು. ಗುಡ್ಡ ಹತ್ತುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಕಾಡಿನಲ್ಲಿ ಸಿಕ್ಕಿದ್ದನ್ನು ಮೇಯುತ್ತದೆ. 2012ರಲ್ಲಿ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ಇದನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿತು. ಇದರ ಹಾಲು ದಿನಕ್ಕೆ ಒಂದೆರಡು ಲೀಟರ್, ಒಳ್ಳೆಯ ಹಸುವಾದರೆ ಇನ್ನೂ ಸ್ವಲ್ಪ ಹೆಚ್ಚು. ಮಲೆನಾಡಿನ ಕೃಷಿಕರು ಕೊಟ್ಟಿಗೆ ತುಂಬ ದನ ಕಟ್ಟುತ್ತಿದ್ದುದು ಮೊದಲು ಗೊಬ್ಬರಕ್ಕೆ, ಆಮೇಲೆ ಹಾಲಿಗೆ. ಸೊಪ್ಪು, ದರಗು ಹಾಸಿ ಮಾಡಿದ ಕೊಟ್ಟಿಗೆ ಗೊಬ್ಬರವಿಲ್ಲದೆ ಅಡಿಕೆ ತೋಟ ನಡೆಯುತ್ತಿರಲಿಲ್ಲ. ಈಗ ಒಂದು ಲೆಕ್ಕ ಮಾಡಿ. ಹಾಲಿನಲ್ಲಿ ನೂರಕ್ಕೆ 4ರಷ್ಟು ಜಿಡ್ಡು ಎಂದು ಹಿಡಿದರೆ ಒಂದು ಲೀಟರಿನಲ್ಲಿ ಸುಮಾರು 40 ಗ್ರಾಂ. ಅಷ್ಟನ್ನೂ ಒಂದು ಹನಿ ಬಿಡದೆ ತೆಗೆದರೂ 50 ಗ್ರಾಂ ಬೆಣ್ಣೆ ತುಂಬುವುದಿಲ್ಲ. ಕಾಲು ಕಿಲೋ ಬೆಣ್ಣೆಗೆ ಐದಾರು ಲೀಟರ್ ಹಾಲು ಬೇಕು. ಗಿಡ್ಡ ತಳಿಯ ಮನೆಯಲ್ಲಿ ಅದು ಕೆಲವು ದಿನಗಳ ಕೂಡಿಕೆ. ಅಷ್ಟು ದಿನ ಕೂಡಿಡಬೇಕಾದರೆ ಹಾಲು ಕೆಡದ ರೂಪಕ್ಕೆ ಬರಲೇಬೇಕು.

ಮೂರನೆಯದು ಧರ್ಮ. ಜೈನ ಶ್ರಾವಕರ ಆಚಾರದಲ್ಲಿ ಹಾಲು ನಿಷಿದ್ಧವಲ್ಲ. ಆದರೆ ಕರೆದ ಹಾಲನ್ನು ಬಟ್ಟೆಯಲ್ಲಿ ಸೋಸಿ ಅಂತರ್ಮುಹೂರ್ತದ ಒಳಗೆ, ಅಂದರೆ ಎರಡು ಘಳಿಗೆ ಕಳೆಯುವ ಮೊದಲು, ಕಾಯಿಸಬೇಕು ಎಂಬುದು ನಿಯಮ. ಒಂದು ಘಳಿಗೆಗೆ 24 ನಿಮಿಷ; ಎರಡು ಘಳಿಗೆಗೆ 48. ಆ ಅವಧಿ ಮೀರಿದರೆ ಹಸಿ ಹಾಲಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಅದನ್ನು ಸೇವಿಸಿದರೆ ಹಿಂಸೆಯಾಗುತ್ತದೆ ಎಂಬ ನಂಬಿಕೆ ಇದರ ಹಿಂದೆ ಇದೆ. ಬೆಣ್ಣೆಯ ಮಾತು ಇನ್ನೂ ಕಟ್ಟುನಿಟ್ಟು. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಬಿಡಬೇಕಾದ ಪದಾರ್ಥಗಳ ಸಾಲಿನಲ್ಲಿ ನವನೀತವೂ ಇದೆ. ಬೆಣ್ಣೆ ಬಂದ ಕೂಡಲೇ ಕಾಯಿಸಿ ತುಪ್ಪ ಮಾಡಿದರೆ ಅಡ್ಡಿಯಿಲ್ಲ. ಇಂಥ ಮನೆಯಲ್ಲಿ ಹಸಿ ಹಾಲನ್ನು ಇಡೀ ರಾತ್ರಿ ತೆರೆದಿಟ್ಟು ಕೆನೆ ತೆಗೆಯುವ ಪದ್ಧತಿ ಹುಟ್ಟುವ ಸಾಧ್ಯತೆಯೇ ಇರಲಿಲ್ಲ.

ಹುಂಚದ ಸುತ್ತ ಜೈನರಲ್ಲದವರೇ ಹೆಚ್ಚು. ಅವರಿಗೆ ಬೆಣ್ಣೆ ನಿಷಿದ್ಧವಲ್ಲ; ಕೃಷ್ಣನ ಕಥೆ ಕೇಳಿ ಬೆಳೆದವರಿಗೆ ಬೆಣ್ಣೆ ಎಂದರೆ ಹಬ್ಬ. ಆದರೂ ಹಾಲನ್ನು ಮೊದಲು ಕಾಯಿಸುವ ವಿಷಯದಲ್ಲಿ ಎಲ್ಲ ಮನೆಗಳೂ ಒಂದೇ. ಹವೆ ಮತ್ತು ಹಸು ಎಲ್ಲರಿಗೂ ಒಂದೇ ಆಗಿದ್ದವಲ್ಲ!

ಬೆಂಕಿ ಕಂಡ ಕೆನೆ

ಹಾಗಾದರೆ ನಮ್ಮವರು ಕೆನೆಯನ್ನು ಹೇಗೆ ತೆಗೆದರು? ಹಾಲನ್ನು ಮಣ್ಣಿನ ಗಡಿಗೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಕಾಯಿಸುತ್ತಿದ್ದರು. ಮೇಲೆ ಕಟ್ಟಿದ ಕೆನೆಯನ್ನು ಒಡೆಯದೆ ಹಾಗೆಯೇ ಆರಲು ಬಿಟ್ಟು, ಉಗುರು ಬೆಚ್ಚಗಾದಾಗ ಹೆಪ್ಪು ಹಾಕಿ, ನೆಲುವಿನಲ್ಲಿ ತೂಗುಹಾಕುತ್ತಿದ್ದರು. ಬೆಳಿಗ್ಗೆ ನೋಡಿದರೆ ಗಡಿಗೆಯ ಮೇಲ್ಭಾಗದಲ್ಲಿ ಕೆನೆಮೊಸರು.

ಈ ಪದ್ಧತಿಯನ್ನು ಕಂಡು ಬರೆದಿಟ್ಟ ಹೊರಗಿನವನೊಬ್ಬನಿದ್ದಾನೆ. ಟಿಪ್ಪು ಸುಲ್ತಾನನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ದೇಶ ಸುತ್ತಿ ವರದಿ ಮಾಡಲು ಕಳಿಸಿತು. ಅವನು 1800 ಮತ್ತು 1801ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಓಡಾಡಿದ. ಇಕ್ಕೇರಿ, ಬಿದನೂರು ನಗರಗಳ ಮೂಲಕ ಹುಂಚದ ಆಸುಪಾಸಿನ ನಾಡನ್ನೂ ಹಾದುಹೋದ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಮೈಸೂರು ಸೀಮೆಯ ಹಾಲಿನ ಕೆಲಸವನ್ನು ವಿವರಿಸುತ್ತ ಅವನು ಹೇಳುವುದಿಷ್ಟು: ಕರೆದ ಹಾಲನ್ನು ಕೂಡಲೇ ಕನಿಷ್ಠ ಒಂದು ಗಂಟೆ ಕಾಯಿಸುತ್ತಾರೆ, ಎರಡು ಮೂರು ಗಂಟೆ ಕಾಯಿಸಿದರೆ ಇನ್ನೂ ಒಳ್ಳೆಯದೆಂದು ಭಾವಿಸುತ್ತಾರೆ, ಆರಿದ ಮೇಲೆ ಹಿಂದಿನ ದಿನದ ಮೊಸರಿನಿಂದ ಹೆಪ್ಪು ಹಾಕುತ್ತಾರೆ, ಮರುದಿನ ಪ್ರತಿ ಗಡಿಗೆಯ ಮೇಲಿನ ಐದಾರು ಅಂಗುಲದಷ್ಟು ಮೊಸರನ್ನು ಮಾತ್ರ ತೆಗೆದು ಬೇರೆ ಗಡಿಗೆಗೆ ಹಾಕಿ, ಸೀಳಿದ ಬಿದಿರಿನ ಕಡೆಗೋಲಿನಿಂದ ಕಡೆಯುತ್ತಾರೆ, ಅರ್ಧ ಗಂಟೆಯಾದ ಮೇಲೆ ಬಿಸಿ ನೀರು ಸೇರಿಸಿ ಮತ್ತೆ ಕಡೆದರೆ ಬೆಣ್ಣೆ ಬರುತ್ತದೆ.

'ಮೇಲಿನ ಐದಾರು ಅಂಗುಲ' ಎಂಬ ಮಾತನ್ನು ಇನ್ನೊಮ್ಮೆ ಓದಿ. ಯುರೋಪಿನವರು ಹಾಲಿನಿಂದ ಕೆನೆ ತೆಗೆದರೆ ನಮ್ಮವರು ಮೊಸರಿನಿಂದ ಕೆನೆ ತೆಗೆದರು. ಕೆನೆ ತೆಗೆಯುವ ವಿದ್ಯೆ ಇಲ್ಲಿ ಇರಲಿಲ್ಲ ಎಂದಲ್ಲ, ಅದು ಬೆಂಕಿ ಮತ್ತು ಹುಳಿಯ ಆಚೆಗೆ ಸರಿದಿತ್ತು. ಮೊಸರಿನ ಹುಳಿ ಜಿಡ್ಡನ್ನು ಕೂಡಿಸುವುದಕ್ಕೆ ನೆರವಾಗುತ್ತದೆ, ಹಾಲು ಕೊಳೆಯದಂತೆಯೂ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಕಡೆಯುವಾಗ ಬಿಸಿ ನೀರು, ಬೇಸಿಗೆಯಲ್ಲಿ ತಣ್ಣೀರು ಹಾಕುವುದನ್ನು ನಿಮ್ಮ ಅಜ್ಜಿಯಂದಿರು ಈಗಲೂ ಹೇಳಿಯಾರು. ಜಿಡ್ಡು ತೀರ ಗಟ್ಟಿಯಾಗಿದ್ದರೂ ಬೆಣ್ಣೆ ಕೂಡುವುದಿಲ್ಲ, ತೀರ ಕರಗಿದ್ದರೂ ಕೂಡುವುದಿಲ್ಲ. ಥರ್ಮಾಮೀಟರ್ ಇಲ್ಲದೆ ಅದನ್ನು ಬೆರಳಿನಿಂದ ಅಳೆದವರು ಅವರು.

ಕಡೆದ ಮೇಲೆ ಬೆಣ್ಣೆ ಒಂದು ಕಡೆ, ಮಜ್ಜಿಗೆ ಒಂದು ಕಡೆ. ಬೆಣ್ಣೆಯನ್ನು ಕಾಯಿಸಿ, ಕೊನೆಗೆ ವೀಳ್ಯದೆಲೆಯನ್ನೋ ನುಗ್ಗೆ ಸೊಪ್ಪನ್ನೋ ಹಾಕಿ ತುಪ್ಪ ಇಳಿಸುತ್ತಾರೆ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು ಇರುತ್ತದೆ, ತುಪ್ಪದಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ನೀರಿಲ್ಲದ ಕಡೆ ಸೂಕ್ಷ್ಮಜೀವಿ ಬೆಳೆಯದು. ತಿಂಗಳುಗಟ್ಟಲೆ ಮಳೆ ಸುರಿಯುವ ನಾಡಿನಲ್ಲಿ ಹಾಲಿನ ಸಾರವನ್ನು ಕೂಡಿಡಲು ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ಉಳಿದ ಮಜ್ಜಿಗೆಗೆ ಬೆಲೆ ಕಟ್ಟುವ ಪದ್ಧತಿ ಹಳ್ಳಿಗಳಲ್ಲಿ ಇರಲಿಲ್ಲ. ಹಸುವಿಲ್ಲದ ಮನೆಯವರು ಚೊಂಬು ಹಿಡಿದು ಬಂದರೆ ಮಜ್ಜಿಗೆ ಸಿಗುತ್ತಿತ್ತು.

ಈ ಸಾರದ ಬೆಲೆ ಅರಸರಿಗೂ ಗೊತ್ತಿತ್ತು. ಹಾಲು ಮೊಸರುಗಳ ವಿಷಯ ನಮ್ಮ ಹಳೆಯ ಪುಸ್ತಕಗಳಲ್ಲಿ ಬರುತ್ತದೆ. ಚಾಲುಕ್ಯರ ಕಾಲದಲ್ಲಿ ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ಬರೆದ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರಕ್ಕೆ ಒಂದು ಭಾಗವೇ ಇದೆ. ಹದಿನಾರನೆಯ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನೇ ಬರೆದ. ಹುಂಚದ ನಾಡನ್ನು ಆಳಿದ ಕೆಳದಿಯ ಬಸವಪ್ಪನಾಯಕನ ಸಂಸ್ಕೃತ ಗ್ರಂಥ 'ಶಿವತತ್ತ್ವ ರತ್ನಾಕರ'ದಲ್ಲಿ ಅಡುಗೆಮನೆಯ ವಿಷಯಕ್ಕೂ ಜಾಗವಿದೆ. ಅದೇ ಕಾಲಕ್ಕೆ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು (1673ರಿಂದ 1704) ಅರಮನೆಯ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂದೇ ಹೆಸರಿಟ್ಟಿದ್ದರು. ಟಿಪ್ಪುವಿನ ಕಾಲದಲ್ಲಿ ಅದು 'ಅಮೃತ ಮಹಲ್' ಆಯಿತು. ಇಂದು ಅಮೃತ ಮಹಲ್ ಎಂದರೆ ಯುದ್ಧದ ಬಂಡಿ ಎಳೆದ ಎತ್ತುಗಳು ನೆನಪಾಗುತ್ತವೆ. ಆದರೆ ಆ ಇಲಾಖೆಯ ಮೊದಲ ಹೆಸರು ಬೆಣ್ಣೆಯದು.

ಹಸಿ ಕೆನೆಯ ಅಪಾಯ

ಇಲ್ಲಿ ಒಂದು ಗಂಭೀರವಾದ ಮಾತು. ಇತ್ತೀಚೆಗೆ 'ಹಸಿ ಹಾಲೇ ಅಮೃತ, ಕಾಯಿಸಿದರೆ ಸತ್ವ ಹೋಗುತ್ತದೆ' ಎಂಬ ಮಾತು ಮತ್ತೆ ಕೇಳಿಬರುತ್ತಿದೆ. ಅದಕ್ಕೆ ಹಿರಿಯರ ಪದ್ಧತಿಯ ಹೆಸರನ್ನೂ ಹೇಳುವವರಿದ್ದಾರೆ. ಕರೆದ ನೊರೆಹಾಲನ್ನು ಹಾಗೆಯೇ ಕುಡಿದವರು ನಮ್ಮಲ್ಲಿ ಇದ್ದರು, ನಿಜ. ಆದರೆ ಮನೆಯ ನಿತ್ಯದ ಪದ್ಧತಿ ಬೇರೆಯೇ ಆಗಿತ್ತು ಎಂಬುದನ್ನು ಈಗ ನೋಡಿದೆವು.

1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಮಾಲ್ಟಾ ದ್ವೀಪದಲ್ಲಿ ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಕಂಡುಹಿಡಿದ. ಅದು ಎಲ್ಲಿಂದ ಬರುತ್ತದೆ ಎಂಬುದು 1905ರವರೆಗೆ ಗೊತ್ತಾಗಲಿಲ್ಲ. ಆ ವರ್ಷ ಥೆಮಿಸ್ಟೊಕ್ಲೀಸ್ ಜಮ್ಮಿತ್ ಎಂಬ ಮಾಲ್ಟಾದ ವೈದ್ಯ ಅದನ್ನು ಮೇಕೆಗಳಲ್ಲಿ ಪತ್ತೆ ಮಾಡಿದ. 1906ರಲ್ಲಿ ಸೈನಿಕರಿಗೆ ಮೇಕೆಯ ಹಸಿ ಹಾಲು ಕೊಡುವುದನ್ನು ನಿಲ್ಲಿಸಿದರು, ಅವರಲ್ಲಿ ಜ್ವರ ಬಹುಪಾಲು ಇಳಿದುಹೋಯಿತು. ಆ ರೋಗವೇ ಬ್ರೂಸೆಲ್ಲೋಸಿಸ್. ನಮ್ಮ ದೇಶದ ದನಗಳಲ್ಲೂ ಅದು ಇದೆ. ದನಗಳ ಕ್ಷಯವೂ ಹಸಿ ಹಾಲಿನಿಂದ ಮನುಷ್ಯರಿಗೆ ಬರಬಲ್ಲದು.

ಕೆನೆಯ ವಿಷಯದಲ್ಲಿ ಅಪಾಯ ಇನ್ನೂ ಒಂದು ಹೆಜ್ಜೆ ಹೆಚ್ಚು. ಮೊದಲು ಹೇಳಿದ ಆ ಅಂಟು ಜಿಡ್ಡಿನ ಗುಂಡುಗಳನ್ನಷ್ಟೇ ಹಿಡಿಯುವುದಿಲ್ಲ. ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳೂ ಆ ಗೊಂಚಲಿಗೆ ಸಿಕ್ಕಿ ಮೇಲಕ್ಕೆ ಬರುತ್ತವೆ. ಹಸಿ ಹಾಲಿನಲ್ಲಿ ರೋಗಾಣು ಇದ್ದರೆ ಅದರ ಕೆನೆಯಲ್ಲಿ ಇನ್ನೂ ಒತ್ತಾಗಿರುತ್ತದೆ. ನೋಡಲು ಬೆಳ್ಳಗೆ, ರುಚಿಗೆ ಸಿಹಿಯಾಗಿದ್ದರೂ ಅದನ್ನು ಕಾಯಿಸದೆ ತಿನ್ನಬಾರದು. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯವರು ಇನ್ನೊಂದು ಪ್ರಶ್ನೆ ಕೇಳುವುದುಂಟು: 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹಾಲಿನಿಂದ ಬರುತ್ತದೆಯೇ? ಹಾಗೆ ಬಂದಿದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಅದು ಉಣ್ಣೆಯ ಕಡಿತದಿಂದ ಬರುವ ಕಾಯಿಲೆ.

ಆದರೆ ಇನ್ನೊಂದು ತುದಿಗೂ ಹೋಗಬೇಡಿ. 'ನಮ್ಮ ಪೂರ್ವಿಕರಿಗೆ ಸೂಕ್ಷ್ಮಜೀವಿಶಾಸ್ತ್ರವೆಲ್ಲ ಗೊತ್ತಿತ್ತು, ಅದಕ್ಕೇ 48 ನಿಮಿಷದ ನಿಯಮ ಮಾಡಿದರು' ಎಂದು ಹೇಳುವುದು ಸುಲಭ. ಅದು ಚರಿತ್ರೆಗೂ ನ್ಯಾಯವಲ್ಲ, ಧರ್ಮಕ್ಕೂ ನ್ಯಾಯವಲ್ಲ. ಶ್ರಾವಕರು ಹಾಲನ್ನು ಬೇಗ ಕಾಯಿಸಿದ್ದು ತಮ್ಮ ಆರೋಗ್ಯಕ್ಕೆ ಹೆದರಿ ಅಲ್ಲ, ಇನ್ನೊಂದು ಜೀವಕ್ಕೆ ನೋವಾದೀತೆಂದು ಅಂಜಿ. ಪಾಸ್ತರನ ಪ್ರಯೋಗ ಹೊರಟದ್ದು ಬೇರೆ ಪ್ರಶ್ನೆಯಿಂದ. ಎರಡು ದಾರಿಗಳು ಒಂದೇ ಒಲೆಯ ಮುಂದೆ ಬಂದು ನಿಂತವು ಎಂಬುದು ನಿಜ. ಅಷ್ಟರಿಂದ ಎರಡೂ ಒಂದೇ ಎನ್ನಲಾಗದು. ಈ ವಿವೇಕ ಇದ್ದವನಿಗೆ ಮಾತ್ರ ಚರಿತ್ರೆಯನ್ನೂ ವಿಜ್ಞಾನವನ್ನೂ ಒಟ್ಟಿಗೆ ಓದಲು ಸಾಧ್ಯ.

ಯಂತ್ರ ಬಂದ ಮೇಲೆ

1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಎಂಬ ಎಂಜಿನಿಯರು ನಿಲ್ಲದೆ ಕೆಲಸ ಮಾಡುವ ಕೆನೆ ಬೇರ್ಪಡಿಸುವ ಯಂತ್ರವನ್ನು ರೂಪಿಸಿದ. ಹಾಲನ್ನು ಒಂದು ಪಾತ್ರೆಯಲ್ಲಿ ಅತಿ ವೇಗವಾಗಿ ತಿರುಗಿಸಿದರೆ ಭಾರವಾದ ಭಾಗ ಹೊರಗೋಡೆಗೆ ಸರಿಯುತ್ತದೆ, ಹಗುರವಾದ ಜಿಡ್ಡು ನಡುವೆ ನಿಲ್ಲುತ್ತದೆ. ಭೂಮಿಯ ಸೆಳೆತಕ್ಕಿಂತ ಸಾವಿರಾರು ಪಟ್ಟು ಹೆಚ್ಚಿನ ಬಲ ಅಲ್ಲಿ ಕೆಲಸ ಮಾಡುತ್ತದೆ. ಇಡೀ ರಾತ್ರಿಯ ಕೆಲಸ ಕ್ಷಣಗಳಲ್ಲಿ ಮುಗಿಯಿತು. ಗೊಂಚಲು ಬೇಡ, ತಂಪು ಬೇಡ, ಎಮ್ಮೆಯ ಹಾಲೂ ಆದೀತು. ಬಿಸಿ ನಾಡಿನಲ್ಲಿ ಹಸಿ ಹಾಲಿನ ಕೆನೆ ತೆಗೆಯುವುದಕ್ಕೆ ಇದ್ದ ಅಡ್ಡಿ ಒಂದೇ ಏಟಿಗೆ ಹೋಯಿತು.

ಭಾರತದಲ್ಲಿ ಯುರೋಪಿನ ರೀತಿಯ ಹಾಲಿನ ಕೇಂದ್ರಗಳು ಮೊದಲು ಬಂದದ್ದು ಸೈನ್ಯಕ್ಕಾಗಿ. 1889ರಲ್ಲಿ ಅಲಹಾಬಾದಿನಲ್ಲಿ ಮೊದಲ ಮಿಲಿಟರಿ ಡೈರಿ ಫಾರಂ ಶುರುವಾಯಿತು. ನಮ್ಮ ಬೆಂಗಳೂರಿನ ಪಾಲೂ ದೊಡ್ಡದು. 1923ರಲ್ಲಿ ಇಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಸ್ಥಾಪನೆಯಾಯಿತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿದ್ದ ಗಾಂಧೀಜಿ ಕೆಲವು ದಿನ ಅಲ್ಲಿಗೆ ಹೋಗಿ ದನ ಸಾಕಣೆಯ ಪಾಠ ಕಲಿತರು. ಆ ಸಂಸ್ಥೆಯೇ ಮುಂದೆ ರಾಷ್ಟ್ರೀಯ ಹೈನುಗಾರಿಕಾ ಸಂಶೋಧನಾ ಸಂಸ್ಥೆಯಾಯಿತು. ಕೇಂದ್ರ ಕಚೇರಿ 1955ರಲ್ಲಿ ಹರಿಯಾಣದ ಕರ್ನಾಲಕ್ಕೆ ಹೋದರೂ ಬೆಂಗಳೂರಿನ ಕೇಂದ್ರ ಉಳಿದುಕೊಂಡಿತು.

ಸ್ವಾತಂತ್ರ್ಯದ ಹೊತ್ತಿಗೆ ಯಂತ್ರದ ಜೊತೆ ಇನ್ನೊಂದು ಪ್ರಶ್ನೆ ಎದ್ದಿತು. ಕೆನೆ ಯಾರದು? ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಸಹಕಾರ ಸಂಘ ಕಟ್ಟಿ ಇದಕ್ಕೆ ಉತ್ತರ ಕೊಟ್ಟರು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆ ಶುರುವಾಯಿತು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಬಂತು. ಶಿವಮೊಗ್ಗದ ಹಾಲು ಒಕ್ಕೂಟದ ಸಂಘಗಳು ಮಲೆನಾಡಿನ ಹಳ್ಳಿಗಳಿಗೂ ತಲುಪಿದವು. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಲು ಹೋದವರು 'ಫ್ಯಾಟು ಎಷ್ಟು ಬಂತು?' ಎಂದು ಕೇಳುವುದನ್ನು ನೀವು ಕೇಳಿರುತ್ತೀರಿ. ಅವರು ಕೇಳುವುದು ಕೆನೆಯ ಲೆಕ್ಕವನ್ನೇ. ಹಾಲಿನ ಬೆಲೆ ಅದರಲ್ಲಿರುವ ಜಿಡ್ಡು ಮತ್ತು ಇತರ ಘನಾಂಶದ ಮೇಲೆ ನಿಲ್ಲುತ್ತದೆ.

ಡೈರಿಯಲ್ಲಿ ಆಮೇಲೆ ಏನಾಗುತ್ತದೆ? ಯಂತ್ರ ಕೆನೆಯನ್ನು ಬೇರೆ ಮಾಡುತ್ತದೆ, ಬೇಕಾದಷ್ಟನ್ನು ಮಾತ್ರ ಹಾಲಿಗೆ ತಿರುಗಿ ಬೆರೆಸುತ್ತಾರೆ, 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸುತ್ತಾರೆ. ಟೋನ್ಡ್ ಹಾಲಿನ ಪ್ಯಾಕೆಟ್ಟಿನ ಮೇಲೆ ಜಿಡ್ಡು ನೂರಕ್ಕೆ 3 ಎಂದಿರುತ್ತದೆ. ಹಸು ಕೊಟ್ಟದ್ದು ಅದಕ್ಕಿಂತ ಹೆಚ್ಚಾಗಿದ್ದರೆ ಉಳಿದದ್ದು ಬೆಣ್ಣೆಯಾಗಿ, ತುಪ್ಪವಾಗಿ, ಸಿಹಿತಿಂಡಿಯಾಗಿ ಬೇರೆ ಬೆಲೆಗೆ ಹೋಗುತ್ತದೆ. ಇದರಲ್ಲಿ ಮೋಸವಿಲ್ಲ, ಎಲ್ಲವೂ ಪ್ಯಾಕೆಟ್ಟಿನ ಮೇಲೆ ಬರೆದೇ ಇರುತ್ತದೆ. ಆದರೆ ಮನೆಯ ಗಡಿಗೆಯಲ್ಲಿ ನಡೆಯುತ್ತಿದ್ದ ಕೆಲಸ ನಮ್ಮ ಕಣ್ಣಿನಿಂದ ದೂರವಾಯಿತು.

ಇದರಿಂದ ಲಾಭವಾಗಿದೆ. ಹಸು ಸಾಕುವವರಿಗೆ ನಿಯಮಿತವಾಗಿ ಹಣ ಬರುತ್ತದೆ, ಪಟ್ಟಣದ ಮಗುವಿಗೆ ಸುರಕ್ಷಿತ ಹಾಲು ಸಿಗುತ್ತದೆ. ಹೋದದ್ದೂ ಇದೆ. ತುಪ್ಪ ಮಾರಿದ ಪುಡಿಗಾಸು ಮನೆಯ ಹೆಂಗಸಿನ ಸೆರಗಿನಲ್ಲಿ ಉಳಿಯುತ್ತಿತ್ತು. ಹಾಲಿನ ಹಣ ಎಲ್ಲ ಮನೆಗಳಲ್ಲೂ ಅವಳ ಕೈಗೆ ಬರುವುದಿಲ್ಲ. ಕಡೆಯುವುದು ನಿಂತ ಮನೆಯಲ್ಲಿ ನೆರೆಯವರಿಗೆ ಕೊಡುವ ಮಜ್ಜಿಗೆಯೂ ನಿಂತಿತು. ಹೆಚ್ಚು ಹಾಲು ಕೊಡುವ ಮಿಶ್ರ ತಳಿಗಳು ಬಂದಂತೆ ಗಿಡ್ಡ ಹಸುಗಳು ಕೊಟ್ಟಿಗೆಯಲ್ಲಿ ಕಡಿಮೆಯಾದವು. ಲಾಭವನ್ನು ಮಾತ್ರ ಬರೆದರೆ ಅದು ಜಾಹೀರಾತು. ನಷ್ಟವನ್ನು ಮಾತ್ರ ಬರೆದರೆ ಅದು ಹಳಹಳಿಕೆ. ಚರಿತ್ರೆಗೆ ಎರಡೂ ಬೇಕು.

ನೀವು ಮಾಡಬಹುದಾದ ಕೆಲಸ

ಮೂರು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಆಗತಾನೇ ಕರೆದು ಸೋಸಿದ ಹಸುವಿನ ಹಸಿ ಹಾಲು, ಇನ್ನೊಂದರಲ್ಲಿ ಅದೇ ಹಾಲನ್ನು ಕುದಿಸಿ ಆರಿಸಿದ್ದು, ಮೂರನೆಯದರಲ್ಲಿ ಎಮ್ಮೆಯ ಹಸಿ ಹಾಲು. ಮೂರನ್ನೂ ಮುಚ್ಚಿ ಫ್ರಿಜ್ಜಿನಲ್ಲಿ ಅಲುಗಾಡದಂತೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಪ್ರತಿಯೊಂದರಲ್ಲಿ ಕೆನೆಯ ಗೆರೆ ಎಲ್ಲಿದೆ ಎಂದು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಮೇಲೆ ಹೇಳಿದ ಮೂರು ಮಾತುಗಳಿಗೆ ನಿಮ್ಮ ಅಳತೆ ಹೊಂದುತ್ತದೆಯೇ ನೋಡಿ. ಪ್ರಯೋಗ ಮುಗಿದ ಮೇಲೆ ಹಸಿ ಹಾಲನ್ನೂ ಅದರ ಕೆನೆಯನ್ನೂ ಚೆನ್ನಾಗಿ ಕುದಿಸಿಯೇ ಬಳಸಿ.

ಇನ್ನೊಂದು ಕೆಲಸಕ್ಕೆ ಲೋಟ ಬೇಡ, ನೋಟುಬುಕ್ಕು ಸಾಕು. ಮನೆಯ ಅಥವಾ ಬೀದಿಯ ಹಿರಿಯ ಹೆಂಗಸರನ್ನು ಕೇಳಿ. ಹಾಲನ್ನು ಯಾವ ಪಾತ್ರೆಯಲ್ಲಿ, ಎಷ್ಟು ಹೊತ್ತು ಕಾಯಿಸುತ್ತಿದ್ದಿರಿ? ಕೆನೆಯನ್ನು ಹಾಲಿನಿಂದ ತೆಗೆಯುತ್ತಿದ್ದಿರೋ, ಮೊಸರಿನಿಂದಲೋ? ಎಷ್ಟು ದಿನಕ್ಕೊಮ್ಮೆ ಕಡೆಯುತ್ತಿದ್ದಿರಿ? ಮಜ್ಜಿಗೆ ಯಾರಿಗೆ ಹೋಗುತ್ತಿತ್ತು? ತುಪ್ಪದ ದುಡ್ಡು ಯಾರ ಬಳಿ ಇರುತ್ತಿತ್ತು? ಉತ್ತರವನ್ನು ಅವರ ಮಾತಿನಲ್ಲಿಯೇ, ಊರು ಮತ್ತು ಇಸವಿ ಸಹಿತ ಬರೆದಿಡಿ. ಹುಂಚದ ಬಸದಿ ಯಾರು ಕಟ್ಟಿಸಿದರೆಂದು ಕಲ್ಲಿನಲ್ಲಿ ಬರೆದಿದ್ದಾರೆ. ಈ ಪ್ರಶ್ನೆಗಳ ಉತ್ತರವನ್ನು ಯಾರೂ ಕಲ್ಲಿನಲ್ಲಿ ಬರೆಸಿಲ್ಲ. ಹೇಳುವವರು ಇರುವಾಗಲೇ ಕೇಳಿಕೊಳ್ಳಬೇಕು.